ಒಂದು ಸಹಿಯನ್ನು ದಾಟಲು ಬರೆದ ಕಾನೂನು

ಕಾನೂನು ಎಲ್ಲರಿಗೂ ಒಂದೇ ಎಂಬ ಮಾತನ್ನು ನಾವು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಒಬ್ಬನೇ ಒಬ್ಬ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಕಾನೂನು ಬರೆದ ಪ್ರಸಂಗಗಳೂ ಚರಿತ್ರೆಯಲ್ಲಿ ಇಲ್ಲದಿಲ್ಲ. ಅಂಥ ಕಾನೂನಿನಲ್ಲಿ ಆ ಮನುಷ್ಯನ ಹೆಸರಿರುವುದಿಲ್ಲ. ಅದರ ಭಾಷೆ ಸಾಮಾನ್ಯವಾಗಿರುತ್ತದೆ, ಗಂಭೀರವಾಗಿರುತ್ತದೆ, ಯಾರಿಗೆ ಬೇಕಾದರೂ ಅನ್ವಯಿಸುವಂತಿರುತ್ತದೆ. ಯಾರಿಗಾಗಿ ಬರೆದದ್ದು ಎಂಬುದು ಮಾತ್ರ ಊರಿಗೆಲ್ಲ ಗೊತ್ತಿರುತ್ತದೆ.

ಜರ್ಮನಿಯ ಬವೇರಿಯಾ ರಾಜ್ಯದ ಶಾಸನಸಭೆ 1985ರಲ್ಲಿ ಅಂಥದೊಂದು ತಿದ್ದುಪಡಿಯನ್ನು ಅಂಗೀಕರಿಸಿತು. ಅಧಿಕೃತವಾಗಿ ಅದು ಆಡಳಿತ ಪ್ರಕ್ರಿಯೆಯ ಕಾಯಿದೆಗೆ ಸೇರಿದ ಒಂದು ಸಣ್ಣ ವಿಧಿ. ಜನ ಅದನ್ನು ಕರೆದದ್ದು 'ಲೆಕ್ಸ್ ಶೂಯಿರರ್', ಅಂದರೆ 'ಶೂಯಿರರ್ ಕಾನೂನು' ಎಂದು. ಅಣುಶಕ್ತಿಗೆ ಸಂಬಂಧಿಸಿದ ಒಂದು ಬೃಹತ್ ಘಟಕಕ್ಕೆ ನಿವೇಶನದ ಅನುಮತಿ ದೊರಕಿಸಿಕೊಡುವುದಕ್ಕಾಗಿ ಹುಟ್ಟಿದ ವಿಶೇಷ ಅಧಿಕಾರ ಅದು. ಆ ಘಟಕದ ಕಥೆ ನಾಲ್ಕೇ ವರ್ಷಗಳಲ್ಲಿ ಮುಗಿಯಿತು. ಅಧಿಕಾರದ ಕಥೆ ಏನಾಯಿತು ಎಂಬುದನ್ನು, ಪ್ರಿಯ ಓದುಗರೇ, ನಿಮ್ಮೊಡನೆ ವಿಚಾರ ಮಾಡಬೇಕೆಂದು ಈ ಲೇಖನ.

ಹಿನ್ನೆಲೆಯನ್ನು ಸ್ವಲ್ಪ ಹೇಳದೆ ವಿಷಯ ತಿಳಿಯದು. 1976ರಲ್ಲಿ ಅಂದಿನ ಪಶ್ಚಿಮ ಜರ್ಮನಿ ತನ್ನ ಅಣುಶಕ್ತಿ ಕಾಯಿದೆಯನ್ನು ತಿದ್ದಿತು. ಸ್ಥಾವರಗಳಲ್ಲಿ ಬಳಸಿ ಹೊರತೆಗೆದ ಇಂಧನಕ್ಕೆ ಮುಂದೆ ಏನು ವ್ಯವಸ್ಥೆ ಎಂಬುದನ್ನು ವಿದ್ಯುತ್ ಕಂಪನಿಗಳು ತೋರಿಸಬೇಕಾಯಿತು. ಅದನ್ನು ತೋರಿಸದೆ ಸ್ಥಾವರ ನಡೆಸುವುದು ಕಷ್ಟ. ಹೀಗಾಗಿ ಕಂಪನಿಗಳಿಗೆ ಒಂದು ಮರುಸಂಸ್ಕರಣಾ ಘಟಕ ಬೇಕೇ ಬೇಕಾಯಿತು. ಬಳಸಿದ ಇಂಧನದ ಸರಳುಗಳನ್ನು ಅಲ್ಲಿ ತುಂಡು ಮಾಡಿ, ಕುದಿಯುವ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅದರಿಂದ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸುತ್ತಾರೆ. ಉಳಿಯುವುದು ತೀವ್ರ ವಿಕಿರಣದ ದ್ರವ. ಸರಳುಗಳನ್ನು ಕತ್ತರಿಸಿದಾಗ ಅವುಗಳೊಳಗೆ ಸಿಕ್ಕಿಕೊಂಡಿದ್ದ ಕ್ರಿಪ್ಟಾನ್‌ನಂಥ ಅನಿಲಗಳೂ ಹೊರಬರುತ್ತವೆ. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಈ ಅನಿಲವನ್ನು ಹಿಡಿದಿಡುವುದು ಕಷ್ಟ. ಬಿಟ್ಟರೆ ಚಿಮಣಿಯ ಮೂಲಕ ಆಕಾಶಕ್ಕೆ. ಈ ಚಿಮಣಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಘಟಕವನ್ನು ಮೊದಲು ಉತ್ತರದ ಗೊರ್ಲೆಬೆನ್‌ನಲ್ಲಿ ಕಟ್ಟಬೇಕೆಂದಿತ್ತು. ರೈತರ ವಿರೋಧ ಎಷ್ಟು ಬಲವಾಗಿತ್ತೆಂದರೆ, ಆ ರಾಜ್ಯದ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಕ್ಟ್ 1979ರ ಮೇ ತಿಂಗಳಿನಲ್ಲಿ, ತಾಂತ್ರಿಕವಾಗಿ ಇದು ಸಾಧ್ಯವಾದರೂ ರಾಜಕೀಯವಾಗಿ ಜಾರಿಗೆ ತರಲಾಗದು ಎಂದು ಕೈಚೆಲ್ಲಿದರು. ಆಗ ಮುಂದೆ ಬಂದದ್ದು ಬವೇರಿಯಾ. ಅಲ್ಲಿನ ಮುಖ್ಯಮಂತ್ರಿ ಫ್ರಾಂಟ್ಸ್ ಯೋಸೆಫ್ ಸ್ಟ್ರೌಸ್ ಹಿಡಿದದ್ದನ್ನು ಬಿಡುವವರಲ್ಲ. ಘಟಕ ಸೈಕಲ್ಲಿನ ಕಡ್ಡಿ ಮಾಡುವ ಕಾರ್ಖಾನೆಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಎಂದು ಅವರು ಹೇಳಿದ್ದು ಆ ದೇಶದಲ್ಲಿ ಇಂದಿಗೂ ಗಾದೆಯಂತೆ ಉಳಿದಿದೆ.

1985ರ ಫೆಬ್ರವರಿಯಲ್ಲಿ ಕಂಪನಿಗಳ ಒಕ್ಕೂಟ ಆರಿಸಿದ ಸ್ಥಳ ವಾಕರ್ಸ್‌ಡಾರ್ಫ್. ಬವೇರಿಯಾದ ಪೂರ್ವಭಾಗದ ಓಬರ್‌ಫಾಲ್ಟ್ಸ್ ಪ್ರಾಂತದಲ್ಲಿ, ಶ್ವಾನ್‌ಡಾರ್ಫ್ ಜಿಲ್ಲೆಗೆ ಸೇರಿದ ಊರು ಅದು. ಅಲ್ಲಿ ದಶಕಗಳ ಕಾಲ ಕಂದು ಕಲ್ಲಿದ್ದಲಿನ ಗಣಿಗಳಿದ್ದವು. 1982ರಲ್ಲಿ ಅವು ಮುಚ್ಚಿಹೋಗಿ ಕೆಲಸವಿಲ್ಲದವರ ಸಂಖ್ಯೆ ಏರಿತ್ತು. ಜನ ಕಾರ್ಖಾನೆಗಳಿಗೆ ಒಗ್ಗಿಕೊಂಡವರು, ದುಡಿಮೆಯ ಜನ, ದೊಡ್ಡ ಗದ್ದಲ ಮಾಡುವವರಲ್ಲ. ಮೇಲಾಗಿ ಕಥೋಲಿಕ ಸಂಪ್ರದಾಯ ಆಳವಾಗಿ ಬೇರೂರಿದ ನಾಡು. ಭಾನುವಾರ ಬಲಿಪೂಜೆಗೆ ಹೋಗುವವರು, ಮತ ಹಾಕುವಾಗ ಹೆಚ್ಚಾಗಿ ಆಳುವ ಪಕ್ಷಕ್ಕೇ ಹಾಕುವವರು. ಇಂಥವರು ಎದುರು ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಲಾಗಿತ್ತು. ಸೌಮ್ಯರೆಂದು ಗುರುತಿಸಿ ಒಂದು ಜನರ ತಲೆಯ ಮೇಲೆ ಭಾರ ಹೊರಿಸುವ ಈ ಲೆಕ್ಕಾಚಾರ ಜರ್ಮನಿಗೆ ಮಾತ್ರ ಸೀಮಿತವಾದದ್ದೇನಲ್ಲ.

ಶ್ವಾನ್‌ಡಾರ್ಫ್ ಜಿಲ್ಲೆಯ 'ಲಾಂಡ್‌ರಾಟ್' ಆಗಿದ್ದವರು ಹಾನ್ಸ್ ಶೂಯಿರರ್. 1931ರಲ್ಲಿ ಹುಟ್ಟಿದ ಅವರು 1972ರಿಂದ ಆ ಪದವಿಯಲ್ಲಿದ್ದರು. ಲಾಂಡ್‌ರಾಟ್ ಎಂದರೆ ನಮ್ಮ ಜಿಲ್ಲಾಧಿಕಾರಿಯ ಹಾಗೆ ಮೇಲಿನಿಂದ ನೇಮಕಗೊಂಡು ಬರುವ ಅಧಿಕಾರಿಯಲ್ಲ. ಜಿಲ್ಲೆಯ ಜನರೇ ಮತ ಹಾಕಿ ಆರಿಸುವ ಮುಖ್ಯಸ್ಥ. ಆದರೆ ರಾಜ್ಯ ಸರ್ಕಾರದ ಕೆಳಹಂತದ ಕಚೇರಿಯನ್ನು ನಡೆಸುವವನೂ ಅವನೇ. ಒಂದು ತಲೆಗೆ ಎರಡು ಪೇಟ. ಒಂದರಲ್ಲಿ ಆತ ಜನರ ಪ್ರತಿನಿಧಿ, ಇನ್ನೊಂದರಲ್ಲಿ ರೇಗನ್ಸ್‌ಬರ್ಗ್ ನಗರದಲ್ಲಿರುವ ಪ್ರಾಂತೀಯ ಸರ್ಕಾರದ ಆದೇಶಕ್ಕೆ ಒಳಪಟ್ಟವನು. ಇಡೀ ಪ್ರಕರಣದ ಗಂಟು ಇರುವುದು ಇಲ್ಲಿಯೇ.

ಶೂಯಿರರ್ ಮೊದಲಿನಿಂದಲೂ ಅಣುವಿರೋಧಿಯಾಗಿರಲಿಲ್ಲ. ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದ ಅವರಿಗೆ ಜಿಲ್ಲೆಯ ನಿರುದ್ಯೋಗದ ಚಿಂತೆಯೇ ದೊಡ್ಡದಾಗಿತ್ತು. ಸಾವಿರಾರು ಕೆಲಸಗಳು ಬರುತ್ತವೆ ಎಂದಾಗ ಅವರೂ ಕಿವಿಗೊಟ್ಟರು. ಮನಸ್ಸು ಬದಲಾದದ್ದು ನಕ್ಷೆ ನೋಡುವಾಗ ಎಂದು ಅವರು ಮುಂದಿನ ವರ್ಷಗಳಲ್ಲಿ ಹಲವು ಸಲ ಹೇಳಿಕೊಂಡಿದ್ದಾರೆ. ನಕ್ಷೆಯಲ್ಲಿ 200 ಮೀಟರ್ ಎತ್ತರದ ಒಂದು ಚಿಮಣಿ ಇತ್ತು. ಅಷ್ಟೆತ್ತರ ಯಾಕೆ ಎಂದು ಕೇಳಿದರು. ಹೊರಬರುವ ಹಾನಿಕಾರಕ ವಸ್ತುಗಳು ದೂರದವರೆಗೆ ಚೆನ್ನಾಗಿ ಹರಡಿಹೋಗಲಿ ಎಂಬುದಕ್ಕೆ ಎಂಬ ಅರ್ಥದ ಉತ್ತರ ಬಂತು. ಏನೂ ಹೊರಬರುವುದಿಲ್ಲ ಎಂದು ಅದುವರೆಗೆ ಕೇಳಿದ್ದ ಮಾತಿಗೂ ಈ ಉತ್ತರಕ್ಕೂ ತಾಳೆಯಾಗಲಿಲ್ಲ. ತಜ್ಞರ ವರದಿಗಳ ರಾಶಿ ಮಾಡದ ಕೆಲಸವನ್ನು ಒಂದು ಸರಳ ಪ್ರಶ್ನೆ ಮಾಡಿತು. ಉತ್ತರಿಸಿದವರು ಸುಳ್ಳು ಹೇಳಲಿಲ್ಲ ಎಂಬುದನ್ನೂ ಅವರ ಪರವಾಗಿ ದಾಖಲಿಸಬೇಕು.

ಘಟಕದ ಅಣುಸುರಕ್ಷತೆಯ ಅನುಮತಿ ಕೊಡುವುದು ರಾಜ್ಯದ ಮಂತ್ರಾಲಯದ ಕೆಲಸ. ಆದರೆ ನೆಲದ ಮೇಲೆ ಕಟ್ಟಡ ಏಳಬೇಕಾದರೆ ಕಟ್ಟಡ ಯೋಜನೆಯ ಕಡತಗಳು ಜಿಲ್ಲೆಯ ಕಚೇರಿಯ ಮೂಲಕವೇ ಸಾಗಬೇಕು. ಅಲ್ಲಿ ಶೂಯಿರರ್ ಸಹಿ ಹಾಕಲು ಒಪ್ಪಲಿಲ್ಲ. ಮೇಲಿನಿಂದ ಆದೇಶ ಬಂದರೂ ಒಪ್ಪಲಿಲ್ಲ. ಅಂದಿನ ಕಾನೂನಿನ ಪ್ರಕಾರ ಮೇಲಿನವರು ಆದೇಶ ಕೊಡಬಹುದಿತ್ತು, ಶಿಸ್ತುಕ್ರಮ ಜರುಗಿಸಬಹುದಿತ್ತು. ಆತನ ಬದಲಿಗೆ ತಾವೇ ಕೂತು ಸಹಿ ಮಾಡಲು ದಾರಿಯಿರಲಿಲ್ಲ. ಒಂದು ಪೆನ್ನಿನ ಮುಂದೆ ನೂರಾರು ಕೋಟಿ ಮಾರ್ಕುಗಳ ಯೋಜನೆ ನಿಂತುಬಿಟ್ಟಿತು.

ಆ ದಾರಿಯನ್ನು ಶಾಸನಸಭೆ ಮಾಡಿಕೊಟ್ಟಿತು. ಕೆಳಹಂತದ ಕಚೇರಿಯೊಂದು ಲಿಖಿತ ಆದೇಶವನ್ನು ಗೊತ್ತುಪಡಿಸಿದ ಅವಧಿಯೊಳಗೆ ಪಾಲಿಸದಿದ್ದರೆ, ಮೇಲ್ವಿಚಾರಣೆಯ ಕಚೇರಿ ಅದರ ಸ್ಥಾನದಲ್ಲಿ ತಾನೇ ಕಾರ್ಯ ನಿರ್ವಹಿಸಬಹುದು: ಹೊಸ ವಿಧಿಯ ತಿರುಳು ಇಷ್ಟೇ. ವಾಕರ್ಸ್‌ಡಾರ್ಫ್ ಎಂಬ ಹೆಸರಿಲ್ಲ, ಅಣುಶಕ್ತಿ ಎಂಬ ಪದವಿಲ್ಲ. ರೇಗನ್ಸ್‌ಬರ್ಗ್‌ನ ಕಚೇರಿ ಶ್ವಾನ್‌ಡಾರ್ಫ್‌ನ ಕಚೇರಿಯನ್ನು ದಾಟಿ ಮುಂದೆ ಹೋಯಿತು. 1985ರ ಸೆಪ್ಟೆಂಬರ್‌ನಲ್ಲಿ ನಿರ್ಮಾಣದ ಮೊದಲ ಭಾಗಶಃ ಅನುಮತಿ ಹೊರಬಿತ್ತು. ಡಿಸೆಂಬರ್‌ನಲ್ಲಿ ಟ್ಯಾಕ್ಸೋಲ್ಡರ್ನ್ ಅರಣ್ಯದ ಮರಗಳು ಉರುಳತೊಡಗಿದವು.

ದಾನಿಯೇಲನ ಗ್ರಂಥದ ಆರನೆಯ ಅಧ್ಯಾಯ ಓದುಗರಿಗೆ ನೆನಪಿಗೆ ಬಂದೀತು. ದಾನಿಯೇಲನಲ್ಲಿ ಯಾವ ದೋಷವನ್ನೂ ಕಾಣದ ಅಧಿಕಾರಿಗಳು ರಾಜನ ಬಳಿಗೆ ಒಂದು ಸಾಮಾನ್ಯ ಶಾಸನದ ಕರಡನ್ನು ಒಯ್ಯುತ್ತಾರೆ. ಮೂವತ್ತು ದಿನ ರಾಜನನ್ನಲ್ಲದೆ ಬೇರೆ ಯಾರನ್ನೂ ಯಾರೂ ಬೇಡಿಕೊಳ್ಳಬಾರದು ಎಂಬುದು ಅದರ ಮಾತು. ದಾನಿಯೇಲನ ಹೆಸರು ಅದರಲ್ಲಿಲ್ಲ. ರಾಜ ಮುದ್ರೆ ಒತ್ತುತ್ತಾನೆ. ಅದು ಯಾರಿಗಾಗಿ ಹೆಣೆದ ಬಲೆ ಎಂದು ತಿಳಿದು ಮರುಗಿದಾಗ, ಮೇದ್ಯರ ಮತ್ತು ಪರ್ಷಿಯರ ಶಾಸನವನ್ನು ರದ್ದು ಮಾಡಲು ಸ್ವತಃ ರಾಜನಿಗೇ ಸಾಧ್ಯವಾಗುವುದಿಲ್ಲ. ಹೋಲಿಕೆಯನ್ನು ಬಹಳ ಎಳೆಯಬಾರದು. ಶೂಯಿರರ್ ಅವರನ್ನು ಯಾರೂ ಸಿಂಹಗಳ ಗುಹೆಗೆ ತಳ್ಳಲಿಲ್ಲ. ಶಿಸ್ತುಕ್ರಮದ ವಿಚಾರಣೆ ನಡೆಯಿತಾದರೂ ಅದು ಅವರನ್ನು ಪದವಿಯಿಂದ ಇಳಿಸಲಿಲ್ಲ, 1996ರವರೆಗೆ ಅವರು ಲಾಂಡ್‌ರಾಟ್ ಆಗಿಯೇ ಇದ್ದರು. ಆದರೂ ಆ ಶಾಸನದ ರಚನೆಯನ್ನು ಗಮನಿಸಿ. ಸಾಮಾನ್ಯ ಮಾತು, ಏಕೈಕ ಗುರಿ, ಆಮೇಲೆ ತೆಗೆಯಲು ಬಾರದ ಸ್ಥಿತಿ.

ಸರ್ಕಾರದ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಡೀ ದೇಶಕ್ಕೆ ಬೇಕಾದ ಒಂದು ಯೋಜನೆಯನ್ನು ಒಂದು ಜಿಲ್ಲೆಯ ಮುಖ್ಯಸ್ಥ ತನ್ನ ಮೇಜಿನ ಮೇಲೆ ತಡೆದಿಡಬಹುದೇ? ನಾಳೆ ಇನ್ನೊಬ್ಬ ಲಾಂಡ್‌ರಾಟ್ ನಿರಾಶ್ರಿತರ ವಸತಿಗೋ ಆಸ್ಪತ್ರೆಗೋ ಹೀಗೆಯೇ ಅಡ್ಡ ನಿಂತರೆ? ಕೆಳಗಿನವರು ತಮ್ಮ ಕರ್ತವ್ಯ ಮಾಡದಿದ್ದಾಗ ಮೇಲಿನವರು ಕೈಹಾಕುವ ಅಧಿಕಾರ ಯಾವ ಆಡಳಿತಕ್ಕಾದರೂ ಬೇಕಾದದ್ದೇ. ಇಷ್ಟೇ ಅಲ್ಲ, ವಾಕರ್ಸ್‌ಡಾರ್ಫ್ ಗ್ರಾಮದ ಆಡಳಿತ ಯೋಜನೆಯ ಪರವಾಗಿಯೇ ಇತ್ತು. ಊರು ಬೇಕೆನ್ನುತ್ತಿತ್ತು, ಸುತ್ತಲಿನ ಜಿಲ್ಲೆ ಬೇಡವೆನ್ನುತ್ತಿತ್ತು, ಗಾಳಿ ಬೀಸಿದರೆ ಗಡಿಯಾಚೆಯ ಆಸ್ಟ್ರಿಯಕ್ಕೂ ಪಾಲಿತ್ತು. 'ಸ್ಥಳೀಯರು' ಎಂದರೆ ಯಾರು ಎಂಬುದೇ ಸುಲಭದ ಪ್ರಶ್ನೆಯಾಗಿರಲಿಲ್ಲ.

ಸೆಮಿನರಿಯಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಪಾಠ ಎದುರಾಗುತ್ತದೆ. 1931ರಲ್ಲಿ, ಎಂದರೆ ಶೂಯಿರರ್ ಹುಟ್ಟಿದ ವರ್ಷವೇ, ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 'ಕ್ವಾದ್ರಾಜೆಸಿಮೊ ಅನ್ನೊ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ಅದರ ಕರಡನ್ನು ಸಿದ್ಧಪಡಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವರು ಜರ್ಮನಿಯವರೇ ಆದ ಯೇಸುಸಭೆಯ ಗುರು ಓಸ್ವಾಲ್ಡ್ ಫಾನ್ ನೆಲ್-ಬ್ರಾಯ್ನಿಂಗ್. ಚಿಕ್ಕ ಸಮುದಾಯವೊಂದು ತಾನೇ ನಿರ್ವಹಿಸಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯ, ಮೇಲಿನದು ಕೆಳಗಿನದಕ್ಕೆ ನೆರವಾಗಬೇಕೇ ಹೊರತು ಅದನ್ನು ನುಂಗಬಾರದು ಎಂಬುದು ಅಲ್ಲಿ ಪ್ರತಿಪಾದಿತವಾದ ತತ್ವ. ಈ ತತ್ವ ಮೇಲಿನ ಅಧಿಕಾರವನ್ನು ಅಲ್ಲಗಳೆಯುವುದಿಲ್ಲ. ಯಾವಾಗ, ಯಾವುದಕ್ಕಾಗಿ ಕೈಹಾಕಬೇಕು ಎಂದು ಕೇಳುತ್ತದೆ. ಹಾಗೆ ಕೇಳಿದಾಗ 1985ರ ತಿದ್ದುಪಡಿಯ ದೌರ್ಬಲ್ಯ ತಿಳಿಯುತ್ತದೆ. ಶ್ವಾನ್‌ಡಾರ್ಫ್‌ನ ಕಚೇರಿ ಅಸಮರ್ಥವಾಗಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. ಅದು ಕಡತವನ್ನು ಓದಿ ಒಂದು ಉತ್ತರ ಕೊಟ್ಟಿತ್ತು. ಉತ್ತರ ಮೇಲಿನವರಿಗೆ ಹಿಡಿಸಲಿಲ್ಲ. ಆಟ ನಡೆಯುತ್ತಿರುವಾಗಲೇ ನಿಯಮ ಬದಲಾಯಿತು.

ಮೇಜಿನ ಮೇಲೆ ಮುಗಿಯಬೇಕಾಗಿದ್ದ ವಾದ ಕಾಡಿಗೆ ಹೋಯಿತು. ಕಡಿದ ಮರಗಳ ನಡುವೆ ಯುವಕರು ಗುಡಿಸಲು ಕಟ್ಟಿಕೊಂಡರು. ಪೊಲೀಸರು 1985ರ ಡಿಸೆಂಬರ್‌ನಲ್ಲಿ ಒಮ್ಮೆ, 1986ರ ಜನವರಿಯಲ್ಲಿ ಇನ್ನೊಮ್ಮೆ ಅವನ್ನು ತೆರವು ಮಾಡಿದರು. ನಿವೇಶನದ ಸುತ್ತ ಸುಮಾರು 4.8 ಕಿಲೋಮೀಟರ್ ಉದ್ದದ ಉಕ್ಕಿನ ಬೇಲಿ ಎದ್ದಿತು. 1986ರ ಪಾಸ್ಖ ಹಬ್ಬದ ದಿನಗಳಲ್ಲಿ ಸುಮಾರು ಒಂದು ಲಕ್ಷ ಜನ ಆ ಬೇಲಿಯ ಬಳಿ ಸೇರಿದರು. ಬವೇರಿಯಾದಲ್ಲಿ ಮೊದಲ ಬಾರಿಗೆ ಪ್ರತಿಭಟನಾಕಾರರ ಮೇಲೆ ಸಿ.ಎಸ್. ಅನಿಲವನ್ನು ಪ್ರಯೋಗಿಸಲಾಯಿತು, ಆಸ್ತಮಾ ಇದ್ದ ಒಬ್ಬ ಪ್ರತಿಭಟನಾಕಾರ ಪಾಸ್ಖ ಸೋಮವಾರದಂದು ಅಸುನೀಗಿದ. ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿತು. ಆ ತಿಂಗಳ ಕೊನೆಯಲ್ಲಿ ಸುರಿದ ಮಳೆ ದಕ್ಷಿಣ ಬವೇರಿಯಾದ ನೆಲಕ್ಕೆ ಸೀಸಿಯಂ ಇಳಿಸಿತು. ಅಲ್ಲಿನ ಕಾಡುಹಂದಿಯ ಮಾಂಸವನ್ನು ಇಂದಿಗೂ ವಿಕಿರಣಕ್ಕಾಗಿ ಪರೀಕ್ಷಿಸಬೇಕಾಗಿದೆ. ಪೆಂತೆಕೋಸ್ತ್ ಹಬ್ಬದ ವೇಳೆಗೆ ವಾಕರ್ಸ್‌ಡಾರ್ಫ್ ಬೇಲಿ ಯುದ್ಧಭೂಮಿಯಂತಾಗಿತ್ತು. ಕಲ್ಲು ಎಸೆದವರಿದ್ದರು, ಹೆಲಿಕಾಪ್ಟರಿನಿಂದ ಅನಿಲದ ಗುಂಡುಗಳೂ ಬಿದ್ದವು; ಎರಡೂ ಕಡೆ ನೂರಾರು ಜನ ಗಾಯಗೊಂಡರು. ಹಿಂಸೆ ಒಂದೇ ಕಡೆಯಿಂದ ಬಂತೆಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ.

ಆದರೆ ಅದೇ ಕಾಡಿನ ಅಂಚಿನಲ್ಲಿ ಇನ್ನೊಂದು ದೃಶ್ಯವೂ ಇತ್ತು. ಬವೇರಿಯಾದ ದಾರಿಬದಿಗಳಲ್ಲಿ 'ಮಾರ್ಟರ್ಲ್' ಎಂದು ಕರೆಯುವ ಸಣ್ಣ ಗುಡಿಗಳಿರುತ್ತವೆ. ನಮ್ಮ ಊರುಗಳ ದಾರಿಬದಿಯ ಶಿಲುಬೆಯ ಕಟ್ಟೆಗಳಂತೆ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನ ಅಂಥದೊಂದು ಮಾರ್ಟರ್ಲ್ ಬಳಿ ಭಾನುವಾರಗಳಂದು ಜನ ಪ್ರಾರ್ಥನೆಗೆ ಕೂಡುತ್ತಿದ್ದರು. ಅಕ್ಕಪಕ್ಕದ ಧರ್ಮಕೇಂದ್ರಗಳ ಕೆಲವು ಗುರುಗಳು ಪ್ರಾರ್ಥನೆ ನಡೆಸಿಕೊಡುತ್ತಿದ್ದರು. ಪ್ರೊಟೆಸ್ಟೆಂಟ್ ಬಂಧುಗಳೂ ಬರುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಬೇಲಿಯವರೆಗೆ ನಡೆದುಹೋಗುವುದು ವಾಡಿಕೆ. ಅಜ್ಜಿಯರು, ಗಣಿಯಿಂದ ನಿವೃತ್ತರಾದವರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಧರ್ಮಪ್ರಾಂತ್ಯವೇನೂ ಅಧಿಕೃತವಾಗಿ ಹೋರಾಟದ ಪಕ್ಕ ನಿಲ್ಲಲಿಲ್ಲ. ಆಳುವ ಪಕ್ಷದ ಹೆಸರಿನಲ್ಲಿಯೇ 'ಕ್ರೈಸ್ತ' ಎಂಬ ಪದವಿತ್ತು ಎಂಬುದನ್ನು ನೆನೆದರೆ ಆ ಗುರುಗಳ ಸಂಕಟ ಅರ್ಥವಾಗುತ್ತದೆ. ಯೋಜನೆಯ ಪರವಾಗಿದ್ದವರೂ ವಿರೋಧವಾಗಿದ್ದವರೂ ಒಂದೇ ಪೀಠದಿಂದ ಪ್ರಸಾದ ಸ್ವೀಕರಿಸುತ್ತಿದ್ದರು. ಇಂಥ ಧರ್ಮಕೇಂದ್ರದಲ್ಲಿ ಭಾನುವಾರದ ಪ್ರಬೋಧನೆ ನೀಡುವುದು ಎಷ್ಟು ಕಷ್ಟ ಎಂಬುದನ್ನು ಗುರುಗಳಾದವರು ಮಾತ್ರ ಬಲ್ಲರು.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. 1988ರಲ್ಲಿ ಬವೇರಿಯಾದ ಉನ್ನತ ಆಡಳಿತ ನ್ಯಾಯಾಲಯ ನಿವೇಶನದ ಕಟ್ಟಡ ಯೋಜನೆಯನ್ನೇ ಅನೂರ್ಜಿತವೆಂದು ಸಾರಿತು. ಯಾವ ಕಡತದ ಮೇಲೆ ಲಾಂಡ್‌ರಾಟ್ ಕೈಯಿಡಲು ನಿರಾಕರಿಸಿದ್ದರೋ ಆ ಬಗೆಯ ಕಡತವೇ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಮುಂದಿನ ಅನುಮತಿಗಾಗಿ ಸಾರ್ವಜನಿಕ ವಿಚಾರಣೆ ನಡೆದಾಗ ಬಂದಿದ್ದ ಆಕ್ಷೇಪಣೆಗಳು ಸುಮಾರು 8,81,000. ಅವುಗಳಲ್ಲಿ ದೊಡ್ಡ ಪಾಲು ಆಸ್ಟ್ರಿಯದಿಂದ. ಅಕ್ಟೋಬರ್ 3ರಂದು ಸ್ಟ್ರೌಸ್ ರೇಗನ್ಸ್‌ಬರ್ಗ್‌ನಲ್ಲಿ ನಿಧನರಾದರು. ಯೋಜನೆಗೆ ಅವರಷ್ಟು ಗಟ್ಟಿಯಾದ ಬೆನ್ನೆಲುಬು ಮತ್ತೆ ಸಿಗಲಿಲ್ಲ.

ಆದರೂ ಕೊನೆಯ ಮಾತು ಹಣದ್ದಾಯಿತು. ಮುಖ್ಯ ಪಾಲುದಾರ ಕಂಪನಿಯಾದ ಫೇಬಾದ ಅಧ್ಯಕ್ಷ ರುಡಾಲ್ಫ್ ಫಾನ್ ಬೆನ್ನಿಗ್ಸೆನ್-ಫೋರ್ಡರ್ 1989ರ ಏಪ್ರಿಲ್‌ನಲ್ಲಿ, ಇಂಧನವನ್ನು ಫ್ರಾನ್ಸಿನ ಲಾ ಆಗ್ ಘಟಕಕ್ಕೆ ಕಳಿಸುವ ಒಪ್ಪಂದದ ಸುದ್ದಿ ಹೊರಹಾಕಿದರು. ಅಲ್ಲಿ ಖರ್ಚು ಬಹಳ ಕಡಿಮೆ. ಮೇ 31ರಂದು ವಾಕರ್ಸ್‌ಡಾರ್ಫ್‌ನಲ್ಲಿ ಕೆಲಸ ನಿಂತಿತು. ಪ್ರಾರ್ಥನೆ ಗೆದ್ದಿತೋ, ಬೇಲಿಯ ಬಳಿಯ ಜನ ಗೆದ್ದರೋ, ಲೆಕ್ಕಪತ್ರ ಗೆದ್ದಿತೋ ಎಂದು ಆ ಊರಿನಲ್ಲಿ ಇಂದಿಗೂ ವಾದ ಮಾಡುತ್ತಾರಂತೆ. ವಿಳಂಬವಾದಷ್ಟೂ ಖರ್ಚು ಏರುತ್ತದೆ. ವಿಳಂಬ ಮಾಡಿಸಿದವರು ಯಾರು ಎಂದು ಕೇಳಿದರೆ ಮೂರೂ ಉತ್ತರಗಳು ಒಂದಕ್ಕೊಂದು ಹತ್ತಿರ ಬರುತ್ತವೆ ಎಂದು ನನಗೆ ತೋರುತ್ತದೆ. ಇದರ ಕಹಿ ಭಾಗವನ್ನೂ ಮರೆಯಬಾರದು. ವಾಕರ್ಸ್‌ಡಾರ್ಫ್ ಬೇಡವೆಂದ ಕೆಲಸ ನಾರ್ಮಂಡಿಯ ಕಡಲತಡಿಯ ಜನರ ನೆರೆಗೆ ಹೋಯಿತು. ಅಲ್ಲಿಗೆ ಇಂಧನ ಕಳಿಸುವುದನ್ನು ಜರ್ಮನಿ ಕಾನೂನಿನ ಮೂಲಕ ನಿಲ್ಲಿಸಿದ್ದು 2005ರ ಜುಲೈನಿಂದ.

ಘಟಕ ಬರಬೇಕಾಗಿದ್ದ ನೆಲ ಈಗ ಕೈಗಾರಿಕಾ ವಸಾಹತು. ಬಿ.ಎಂ.ಡಬ್ಲ್ಯೂ. ಸೇರಿದಂತೆ ಹಲವು ಕಂಪನಿಗಳು ಅಲ್ಲಿವೆ. ಅಂದು ಬೇಡಿದ್ದ ಕೆಲಸಗಳು ಬೇರೆ ದಾರಿಯಿಂದ ಬಂದವು. ಶೂಯಿರರ್ ಅವರ ಕಥೆ 2018ರಲ್ಲಿ 'ವಾಕರ್ಸ್‌ಡಾರ್ಫ್' ಎಂಬ ಹೆಸರಿನ ಚಲನಚಿತ್ರವಾಯಿತು. 2023ರ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಮೂರು ಅಣುಸ್ಥಾವರಗಳು ಸ್ಥಗಿತಗೊಂಡವು. ಅವುಗಳಲ್ಲಿ ಒಂದು ಬವೇರಿಯಾದ ಇಸಾರ್ ನದಿಯ ದಡದ್ದು. ಅಣುವಿದ್ಯುತ್ತೇ ಇಲ್ಲದ ನಾಡಿನಲ್ಲಿ ಅದಕ್ಕಾಗಿ ವಿಶೇಷ ಅನುಮತಿಯ ಅಗತ್ಯವೂ ಇಲ್ಲವಲ್ಲ ಎಂದು ನೀವು ಕೇಳಬಹುದು.

ಬವೇರಿಯಾದ ಆಡಳಿತ ಪ್ರಕ್ರಿಯೆಯ ಕಾಯಿದೆಯನ್ನು ಇಂದು ತೆರೆದು ನೋಡಿದರೆ ಅದರ ಮೂರನೆಯ ವಿಧಿಯ 'ಬಿ' ಉಪವಿಧಿಯಲ್ಲಿ ಆ ಅಧಿಕಾರ ಹಾಗೆಯೇ ಇದೆ. ಲಿಖಿತ ಆದೇಶವನ್ನು ಅವಧಿಯೊಳಗೆ ಪಾಲಿಸದ ಕಚೇರಿಯ ಸ್ಥಾನದಲ್ಲಿ ಮೇಲಿನ ಕಚೇರಿ ಕಾರ್ಯ ನಿರ್ವಹಿಸಬಹುದು. ಕಾನೂನು ವಿದ್ಯಾರ್ಥಿಗಳು ಅದನ್ನು ಇತರ ವಿಧಿಗಳಂತೆಯೇ ಓದುತ್ತಾರೆ. ಶೂಯಿರರ್ ಎಂಬ ಹೆಸರು ಅಂದಿನ ಹಾಗೆಯೇ ಇಂದೂ ಅದರಲ್ಲಿಲ್ಲ.